ಮಸ್ತಾನಸಾಬನ ಬಲಗೈ

ದಾವಣಗೆರೆಯ ಪಶು ಆಸ್ಪತ್ರೆಯ ಜೀಪು ಹಳ್ಳಿಗಳ ಕಡೆ ಹೊರಟರೆ ಹಿಂದಿನ ಸೀಟಿನಲ್ಲಿ ಔಷಧಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದವನು ಮಸ್ತಾನಸಾಬ್. ಸರ್ಕಾರದ ಲೆಕ್ಕದಲ್ಲಿ ಅವನು ಅಟೆಂಡರ್. ಅಂದರೆ ದನದ ಮೂಗುದಾರ ಹಿಡಿಯುವುದು, ನೀರು ಕಾಯಿಸುವುದು, ಸಿರಿಂಜು ತೊಳೆಯುವುದು, ಡಾಕ್ಟರ ಬೂಟಿಗೆ ಸಗಣಿ ಮೆತ್ತಿದರೆ ಒರೆಸಲು ಬಟ್ಟೆ ಕೊಡುವುದು. ಹಳ್ಳಿಯವರ ಲೆಕ್ಕ ಬೇರೆ ಇತ್ತು. ಹದಡಿಯಲ್ಲೋ ಕುಕ್ಕುವಾಡದಲ್ಲೋ ಜೀಪು ನಿಂತರೆ ಜನ ಮೊದಲು ಕೇಳುತ್ತಿದ್ದದ್ದು, "ಸಾಬಣ್ಣ ಬಂದಾನಾ?" ಎಂದು. ಮುಂದಿನ ಸೀಟಿನಲ್ಲಿದ್ದ ಡಾಕ್ಟರ್ ಮಾಲತೇಶಪ್ಪನವರ ಕಿವಿಗೂ ಅದು ಬೀಳುತ್ತಿತ್ತು. ಒಳ್ಳೆಯ ಮನುಷ್ಯರು, ನಕ್ಕು ಸುಮ್ಮನಾಗುತ್ತಿದ್ದರು.

ಮಸ್ತಾನಸಾಬ್ ಹುಟ್ಟಿದ್ದು ಹರಿಹರದಲ್ಲಿ, ಜಟಕಾದವರ ಮನೆಯಲ್ಲಿ. ಅಪ್ಪ ಹಿದಾಯತ್ ಸಾಬರು ರೈಲ್ವೆ ಸ್ಟೇಷನ್ನಿನಿಂದ ಊರೊಳಕ್ಕೆ ಜಟಕಾ ಹೊಡೆಯುತ್ತಿದ್ದರು. ಕುದುರೆಯನ್ನು ಹೊಳೆಗಿಳಿಸಿ ಮೈ ತಿಕ್ಕುವುದು, ಹುರುಳಿ ಬೇಯಿಸುವುದು, ಕಾಯಿಲೆ ಬಿದ್ದಾಗ ಬಿದಿರಿನ ಗೊಟ್ಟದಲ್ಲಿ ಔಷಧಿ ತುಂಬಿ ಗಂಟಲಿಗೆ ಹೊಯ್ಯುವುದು, ಇವೆಲ್ಲ ಮಗನ ಪಾಲಿನ ಕೆಲಸ. ಒಂದು ಬೇಸಿಗೆಯಲ್ಲಿ ಆ ಕುದುರೆಗೆ ಹೊಟ್ಟೆಶೂಲೆ ಬಂತು. ಡಾಕ್ಟರು ಇರುವುದು ದಾವಣಗೆರೆಯಲ್ಲಿ, ಕುದುರೆ ಇರುವುದು ಹರಿಹರದಲ್ಲಿ. ಅಪ್ಪ ಮಗ ಇಬ್ಬರೂ ಅದನ್ನು ಕೆಂಡದಂಥ ಬಿಸಿಲಿನಲ್ಲಿ ನಡೆಸಿಕೊಂಡು ಹೊರಟರು. ಅರ್ಧ ಹಾದಿಯಲ್ಲಿ ಅದು ಮಂಡಿಯೂರಿತು, ಮತ್ತೆ ಏಳಲಿಲ್ಲ. ಹಿದಾಯತ್ ಸಾಬರು ರಸ್ತೆಯ ಮಣ್ಣಿನಲ್ಲಿ ಕೂತು ಅತ್ತದ್ದನ್ನು ಮಗ ನೋಡಿದ. ಆಮೇಲೆ ಊರಿಗೆ ಆಟೋಗಳು ಬಂದವು, ಇನ್ನೊಂದು ಕುದುರೆ ಕೊಳ್ಳುವ ಮಾತೇ ಬರಲಿಲ್ಲ. ಸಂಚಾರಿ ಪಶು ಆಸ್ಪತ್ರೆಗೆ ಆಳು ಬೇಕೆಂದು ಗೊತ್ತಾದಾಗ ಮಸ್ತಾನಸಾಬ್ ಓಡಿ ಹೋಗಿ ಸೇರಿದ್ದಕ್ಕೆ ಸಂಬಳವೊಂದೇ ಕಾರಣವಲ್ಲ. ದನದ ಬಳಿಗೆ ಡಾಕ್ಟರೇ ಹೋಗುವ ಗಾಡಿ ಅವನ ಕಣ್ಣಿಗೆ ದೊಡ್ಡ ಪುಣ್ಯದ ಕೆಲಸವಾಗಿ ಕಂಡಿತ್ತು.

ಕುಕ್ಕುವಾಡದ ಕಡೆ ಸಕ್ಕರೆ ಕಾರ್ಖಾನೆ ಬಂದ ಮೇಲೆ ಸುತ್ತಲಿನ ಹೊಲಗಳು ಕಬ್ಬಿಗೆ ತಿರುಗಿದವು. ಗಾಡಿಯಿಂದ ಬಿದ್ದ ಕಬ್ಬಿನ ತುಂಡನ್ನು ದನಗಳು ಅಗಿಯದೆ ನುಂಗುವುದು, ಅದು ಗಂಟಲಲ್ಲಿ ಸಿಕ್ಕಿಕೊಂಡು ಜೊಲ್ಲು ಸುರಿಸುತ್ತ, ಹೊಟ್ಟೆ ಉಬ್ಬಿಸಿಕೊಂಡು ಒದ್ದಾಡುವುದು ಸುಗ್ಗಿಯ ಕಾಲದಲ್ಲಿ ದಿನದ ಮಾತಾಯಿತು. ಮಸ್ತಾನಸಾಬನ ಬಲಗೈಗೆ ಬೆಲೆ ಬಂದದ್ದು ಆಗಲೇ. ತೆಳ್ಳಗಿನ ಉದ್ದ ಕೈ. ದವಡೆಹಲ್ಲುಗಳ ನಡುವೆ ಒಂದು ಮರದ ತುಂಡು ಕೊಟ್ಟು, ಎಡಗೈಯಲ್ಲಿ ನಾಲಿಗೆಯನ್ನು ಪಕ್ಕಕ್ಕೆಳೆದು, ಬಲಗೈಯನ್ನು ಮೊಳಕೈ ದಾಟುವ ತನಕ ಒಳಗೆ ಬಿಡುತ್ತಿದ್ದ. ಕಣ್ಣು ಮುಚ್ಚಿಕೊಂಡು ಹುಡುಕುತ್ತಿದ್ದ. ತುಂಡು ಸಿಕ್ಕಿತೆಂದರೆ ಹೊರಗೆಳೆದು, ಜೊಲ್ಲು ಸೋರುತ್ತಿದ್ದ ಅದನ್ನು ಎತ್ತಿ ನೆರೆದವರಿಗೆಲ್ಲ ತೋರಿಸುತ್ತಿದ್ದ. ಹಲ್ಲು ತರಚಿದ ಗೆರೆಗಳು ಆ ಕೈಯ ತುಂಬ ಇದ್ದವು. ಅವನ್ನು ಮುಚ್ಚಿಡುವ ಆಸಾಮಿಯಲ್ಲ ಅವನು, ತೋಳು ಮಡಿಸಿಕೊಂಡೇ ತಿರುಗುತ್ತಿದ್ದ.

"ಒಂದಿನ ಸೂಜಿ ಚುಚ್ಚಿಸ್ಕೊಂಡಿಲ್ಲ ನಾನು. ಅರಿಶಿಣ ಹಚ್ಕೊಂಡ್ರೆ ಮುಗೀತು," ಎನ್ನುತ್ತಿದ್ದ.

ಜಂಬ ಸ್ವಲ್ಪ ಹೆಚ್ಚೇ ಇತ್ತು. ಅಷ್ಟು ಕೆಲಸ ಬಲ್ಲವನಿಗೆ ಅಷ್ಟು ಜಂಬ ಇದ್ದರೆ ಇರಲಿ ಎಂದು ನಾವೂ ಸುಮ್ಮನಾಗಬಹುದಿತ್ತು, ಅದು ಒಂದು ಜೀವಕ್ಕೆ ಮುಳುವಾಗದೆ ಇದ್ದಿದ್ದರೆ.

ಮಾಲತೇಶಪ್ಪನವರು ಅವನಿಗೆ ಮೊದಲ ದಿನವೇ ಒಂದು ಮಾತು ಹೇಳಿಕೊಟ್ಟಿದ್ದರು. ಜೊಲ್ಲು ಸುರಿಸುವ ದನ ಕಂಡರೆ ಮೊದಲು ನಾಯಿ ಕಚ್ಚಿತ್ತಾ ಎಂದು ಕೇಳಬೇಕು, ಅದು ಕೂಗುವ ದನಿ ಹೇಗಿದೆ ಎಂದು ಕೇಳಿಸಿಕೊಳ್ಳಬೇಕು, ಕೈ ಹಾಕುವುದು ಆಮೇಲೆ. ಹುಚ್ಚುನಾಯಿ ಕಚ್ಚಿದ ಆಕಳೂ ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆಯೇ ಆಡುತ್ತದೆ, ಅದರ ಜೊಲ್ಲೇ ವಿಷ. ಮಸ್ತಾನಸಾಬ್ ಈ ಮಾತನ್ನು ಒಂದು ದಿನವೂ ಮೀರಲಿಲ್ಲ. ಜೀಪಿನಿಂದ ಇಳಿಯುತ್ತಲೇ ಮನೆಯವರನ್ನು ಮೆಲ್ಲಗೆ ಕೇಳಿ ಮುಗಿಸಿರುತ್ತಿದ್ದ. ಎಷ್ಟು ಮೆಲ್ಲಗೆ ಎಂದರೆ ಸುತ್ತ ನೆರೆದವರಿಗೆ ಅದು ಕೇಳಿಸುತ್ತಲೇ ಇರಲಿಲ್ಲ. ಅವರು ಕಂಡದ್ದು ಕೈಯನ್ನು ಮಾತ್ರ.

ಒಂದು ಮಳೆಗಾಲ ಜೀಪು ಕೆಟ್ಟು ನಿಂತಿತು. ಬಿಡಿಭಾಗ ಬರಬೇಕು, ಮಂಜೂರಾತಿ ಬರಬೇಕು ಎಂದು ಕಬ್ಬಿನ ಸುಗ್ಗಿ ಶುರುವಾಗುವ ತನಕ ದಿನಗಳು ಕಳೆದವು. ಅಷ್ಟರಲ್ಲಿ ಕುಕ್ಕುವಾಡದಲ್ಲಿ ಒಂದು ಹೋರಿ ಗಂಟಲಲ್ಲಿ ಕಬ್ಬು ಸಿಕ್ಕಿಕೊಂಡು, ಯಾರೂ ದಿಕ್ಕಿಲ್ಲದೆ ಸತ್ತಿತು. ಸುದ್ದಿ ಕೇಳಿ ಮಸ್ತಾನಸಾಬನಿಗೆ ಅಪ್ಪನ ಕುದುರೆ ನೆನಪಾಯಿತು. ಮುಂದಿನ ಸಲ ಹೋದಾಗ ಹೆಂಗಸರನ್ನು ಕರೆದ. ಗಂಡಸರು ಹೊಲಕ್ಕೆ ಹೋಗಿರುತ್ತಾರೆ, ಮೇವು ಹಾಕುವವರು ಹೆಂಗಸರು, ಅವರ ಕೈಯೂ ಸಣ್ಣದು ಎಂಬುದು ಅವನ ಲೆಕ್ಕ. ಗಂಡಸರು ಮೂಗು ಮುರಿದರು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಮುಂದೆ ಬಂದವಳು ಓಬವ್ವ ಒಬ್ಬಳೇ.

ಓಬವ್ವ ಸಣ್ಣಬೀರಪ್ಪನ ಹೆಂಡತಿ. ಎರಡು ಮಕ್ಕಳ ತಾಯಿ, ಮಾತಿನಲ್ಲಿ ಚುರುಕು, ಯಾವುದಕ್ಕೂ ಹಿಂದೆ ಸರಿಯುವ ಜಾತಿಯಲ್ಲ. ಮರದ ತುಂಡು ಎಲ್ಲಿ ಕೊಡಬೇಕು, ನಾಲಿಗೆ ಹೇಗೆ ಹಿಡಿಯಬೇಕು, ಬೆರಳುಗಳನ್ನು ಹೇಗೆ ಕೂಡಿಸಿ ಒಳಗೆ ಬಿಡಬೇಕು, ಎಲ್ಲವನ್ನೂ ಒಂದೇ ಸಲಕ್ಕೆ ಕಲಿತಳು. ಆ ಸುಗ್ಗಿಯಲ್ಲಿ ತನ್ನ ಎತ್ತನ್ನೂ ಪಕ್ಕದ ಮನೆಯ ಎಮ್ಮೆಯನ್ನೂ ಉಳಿಸಿದಳು. ಮಸ್ತಾನಸಾಬ್ ಹೋದಲ್ಲೆಲ್ಲ ಅದನ್ನೇ ಹೇಳಿಕೊಂಡು ತಿರುಗಿದ. ಅವಳನ್ನು ಡಾಕ್ಟ್ರವ್ವ ಎಂದೇ ಕರೆದ. ಅವಳು ಅವನನ್ನು ಅಣ್ಣ ಎಂದಳು, ಜೀಪು ಬಂದ ದಿನ ಎರಡು ರೊಟ್ಟಿ ಹೆಚ್ಚಿಗೆ ತಟ್ಟಿದಳು. ಎಲ್ಲ ಹೇಳಿಕೊಟ್ಟಿದ್ದ ಅವನು. ಮೊದಲು ಕೇಳಬೇಕಾದ ಆ ಒಂದು ಮಾತನ್ನು ಮಾತ್ರ ಹೇಳಿರಲಿಲ್ಲ. ಮರೆತನೆಂದರೆ ಸುಳ್ಳು. ಅದನ್ನು ಹೇಳಿಕೊಡಬೇಕಾದ ವಿದ್ಯೆ ಎಂದೇ ಅವನು ಎಣಿಸಿರಲಿಲ್ಲ.

ಮರುವರ್ಷ ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಜೀಪು ಕುಕ್ಕುವಾಡಕ್ಕೆ ಹೋದಾಗ ಓಬವ್ವ ರಸ್ತೆಗೇ ಬಂದು ನಿಂತಿದ್ದಳು. ಬಲಗೈಗೆ ಅರಿಶಿಣದ ಬಟ್ಟೆ ಸುತ್ತಿತ್ತು.

"ನೆನ್ನೆಯಿಂದ ನಮ್ಮ ಆಕಳು ಜೊಲ್ಲು ಸುರಿಸ್ತೈತೆ ಅಣ್ಣ. ಎರಡು ಸಲ ಕೈ ಹಾಕಿದೆ, ಏನೂ ಸಿಗವಲ್ದು. ಭಾಳ ಒಳಗೆ ಇಳಿದೈತೆ ಕಾಣ್ತದ. ಹಲ್ಲು ಬೇರೆ ತರಚಿಬಿಡ್ತು ನೋಡು."

ಅವಳ ಮಾತು ಮುಗಿಯುವ ಮೊದಲೇ ಹಿತ್ತಲಿನಿಂದ ಆಕಳು ಕೂಗಿತು. ಒಡೆದ ದನಿ, ಅಂಬಾ ಎನ್ನಲು ಹೋಗಿ ಗಂಟಲಲ್ಲೇ ಹರಿದುಹೋದ ಕೂಗು. ಮಸ್ತಾನಸಾಬನ ಕೈಯಿಂದ ಔಷಧಿ ಪೆಟ್ಟಿಗೆ ಜಾರಿ ಜೀಪಿನ ಮೆಟ್ಟಿಲಿಗೆ ಬಡಿಯಿತು. ಡಾಕ್ಟರು ಅವನ ಮುಖ ನೋಡಿದರು. ಇಬ್ಬರೂ ಹಿತ್ತಲಿಗೆ ನಡೆದರು. ಓಬವ್ವನನ್ನು ಮಾತ್ರ ಒಳಗೆ ಬಿಡಲಿಲ್ಲ.

"ಇದಕ್ಕೆ ನಾಯಿ ಕಚ್ಚಿತ್ತೇನಪ್ಪಾ?" ಡಾಕ್ಟರು ಸಣ್ಣಬೀರಪ್ಪನನ್ನು ಕೇಳಿದರು.

"ಕಾರ್ತೀಕದಾಗ ಒಂದು ಕಂತ್ರಿನಾಯಿ ಕೊಟ್ಟಿಗೆಗೆ ನುಗ್ಗಿತ್ರಿ. ಕಾಲಿಗೆ ಬಾಯಿ ಹಾಕಿತ್ತು. ಸಣ್ಣ ಗಾಯ, ಆಗಲೇ ಮಾಯ್ತಲ್ರಿ."

ಇನ್ನು ಮಾಡುವುದೇನೂ ಇರಲಿಲ್ಲ. ದೂರದಿಂದಲೇ ಹಗ್ಗ ಎಸೆದು ಆಕಳನ್ನು ಬೇವಿನ ಮರಕ್ಕೆ ಬಿಗಿದರು. ಅದು ಮರುದಿನ ಸತ್ತಿತು, ಆಳದ ಗುಂಡಿ ತೋಡಿ ಸುಣ್ಣ ಹಾಕಿ ಹೂತರು. ಅದರ ಚಿಂತೆ ಯಾರಿಗಿತ್ತು? ಆ ಬೆಳಿಗ್ಗೆ ಮಸ್ತಾನಸಾಬನ ಕಣ್ಣೆಲ್ಲ ಓಬವ್ವನ ಕೈಯ ಅರಿಶಿಣದ ಬಟ್ಟೆಯ ಮೇಲಿತ್ತು. ಅವಳ ಕೈಯನ್ನು ಸಾಬೂನಿನಲ್ಲಿ ತಾನೇ ತೊಳೆದ, ಮತ್ತೆ ಮತ್ತೆ ತೊಳೆದ. ಡಾಕ್ಟರು ಬಿಡಿಸಿ ಹೇಳಿದರು. ದಾವಣಗೆರೆಯ ದೊಡ್ಡಾಸ್ಪತ್ರೆಗೆ ದಿನಾ ಬರಬೇಕು, ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್, ಒಂದೂ ತಪ್ಪಿಸುವಂತಿಲ್ಲ. ತಪ್ಪಿಸಿದರೆ ಆಮೇಲೆ ಯಾವ ಔಷಧಿಯೂ ಇಲ್ಲ.

ಓಬವ್ವ ನಕ್ಕಳು. "ನಾಯಿ ಕಚ್ಚಿದ್ದು ಆಕಳಿಗೆ, ನನಗ್ಯಾಕ್ರಿ ಸೂಜಿ? ಇದು ಕಚ್ಚಿದ್ದಲ್ಲ, ತರಚಿದ್ದು."

"ತರಚಿದ್ದೂ ಅಷ್ಟೇ ತಂಗಿ. ಹಟ ಮಾಡಬ್ಯಾಡ," ಎಂದ ಮಸ್ತಾನಸಾಬ್.

"ನಿನ್ನ ಕೈ ತೋರಿಸು ಮತ್ತೆ." ಅವಳು ಅವನ ಮಡಿಸಿದ ತೋಳನ್ನು ಹಿಡಿದು ಎಲ್ಲರ ಮುಂದೆ ಎತ್ತಿದಳು. "ಇಷ್ಟು ತರಚಿಸ್ಕೊಂಡೋನು ನೀನು. ಒಂದಿನ ಸೂಜಿ ಚುಚ್ಚಿಸ್ಕೊಂಡಿಲ್ಲ ಅಂತ ನೀನೇ ಹೇಳಿದ್ದು. ನಿನಗೇನಾಗೈತೆ?"

ಸುತ್ತಲಿದ್ದವರು ತಲೆಯಾಡಿಸಿದರು. ಮಸ್ತಾನಸಾಬನಿಗೆ ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು. ತನ್ನ ಮಾತೇ ತನ್ನೆದುರು ಬಂದು ನಿಂತಾಗ ಯಾವ ವಾದ ಹೂಡುತ್ತಾನೆ? ಅವನ ಬಾಯಿಂದ ಆಗ ಬಂದದ್ದು ಹಸೀ ಸುಳ್ಳು.

"ಈಗ ಒಳಗೆ ಹೋದಾಗ ನಾನೂ ಕೈ ಹಾಕಿ ಬಂದೀನಿ ತಂಗಿ. ನನಗೂ ತರಚೈತೆ. ನಾನೂ ತಗೋತೀನಿ ಇಂಜೆಕ್ಷನ್. ಇಬ್ರೂ ಒಟ್ಟಿಗೆ ತಗೊಂಡ್ರಾತು."

ಅವಳ ನಗು ನಿಂತಿತು. ತನ್ನ ಆಕಳಿಂದ ಅಣ್ಣನಿಗೂ ಹೀಗಾಯಿತಲ್ಲ ಎಂದು ಮುಖ ಸಣ್ಣದು ಮಾಡಿಕೊಂಡಳು. "ನೀನು ಬರ್ತೀನಿ ಅಂದ್ರೆ ಬರ್ತೀನಿ," ಎಂದಳು.

ಜೀಪಿನಲ್ಲಿ ಮರಳುವಾಗ ಹದಡಿ ದಾಟಿದ ಮೇಲೆ ಡಾಕ್ಟರು ಹಿಂದೆ ತಿರುಗಿದರು.

"ನೀನು ಆಕಳನ್ನ ಮುಟ್ಟೇ ಇಲ್ಲ, ಮಸ್ತಾನ್. ಆ ಇಂಜೆಕ್ಷನ್ ಆಟದ ಸಾಮಾನಲ್ಲ. ಕೆಲವರಿಗೆ ಅದರಿಂದಲೇ ಕೈಕಾಲು ಬಿದ್ದು ಹೋಗುತ್ತೆ."

"ಆಕೆ ಬರಬೇಕಲ್ರಿ ಸಾಹೇಬ್ರೇ. ನಾನು ಹೋಗದಿದ್ರೆ ಆಕೆ ಬರಂಗಿಲ್ಲ."

ಮರುದಿನ ಡಾಕ್ಟರು ದೊಡ್ಡಾಸ್ಪತ್ರೆಯ ವೈದ್ಯರಿಗೆ ಇಬ್ಬರ ಹೆಸರನ್ನೂ ಬರೆದುಕೊಟ್ಟರು.

ಹರಿಹರದ ಮನೆಯಲ್ಲಿ ರಂಪವಾಯಿತು. "ಕಚ್ಚಿಸ್ಕೊಂಡೋಳು ಅವಳು, ಚುಚ್ಚಿಸ್ಕೊಳ್ಳೋರು ನೀವಾ? ನಿಮಗೇನಾದ್ರೂ ಆದ್ರೆ ಈ ಮನೆ ಯಾರು ನೋಡ್ಬೇಕು?" ಎಂದು ಹೆಂಡತಿ ದಿಲ್ಷಾದ್ ಬೇಗಂ ಒಲೆಯ ಮುಂದೆ ಕೂತು ಅತ್ತಳು. ಅವನು ಬೆನ್ನು ತಿರುಗಿಸಿ ಮಲಗಿದ. ಅವಳ ಮಾತು ಸುಳ್ಳಲ್ಲ ಎಂದು ಅವನಿಗೂ ಗೊತ್ತಿತ್ತು.

ಹೀಗೆ ಶುರುವಾಯಿತು. ಬೆಳಗಿನ ಬಸ್ಸಿಗೆ ಓಬವ್ವ ಕುಕ್ಕುವಾಡದಿಂದ ಬರುವಳು, ಆಸ್ಪತ್ರೆಯ ಗೇಟಿನಲ್ಲಿ ಮಸ್ತಾನಸಾಬ್ ಕಾಯುತ್ತಿರುವನು. ಇಬ್ಬರೂ ಸಾಲಿನಲ್ಲಿ ಕೂರುವರು. ಅವಳು ಹೊಟ್ಟೆ ಹಿಡಿದುಕೊಂಡು ಹೊರಗೆ ಬಂದರೆ ಅವನು ಒಳಗೆ ಹೋಗುವನು. ಹೊಟ್ಟೆಯ ಮೇಲೆ ನಿಂಬೆಹಣ್ಣಿನ ಗಾತ್ರದ ಗಂಟುಗಳೆದ್ದವು. ನೆಟ್ಟಗೆ ನಡೆಯಲಾಗದೆ ಇಬ್ಬರೂ ಬಗ್ಗಿಕೊಂಡು ನಡೆಯುವುದನ್ನು ಕಂಡು ಓಬವ್ವ, "ಅಣ್ಣ ತಂಗಿ ಇಬ್ರೂ ಬಸುರಿಯರಂಗೆ ಕಾಣ್ತೀವಿ ನೋಡು," ಎಂದು ನಗುವಳು. ಗೇಟಿನ ಹೊರಗೆ ಮಂಡಕ್ಕಿ ತಿಂದು, ಚಹಾ ಕುಡಿದು, ಅವಳನ್ನು ಬಸ್ಸು ಹತ್ತಿಸಿ ಅವನು ಕೆಲಸಕ್ಕೆ ಹೋಗುವನು. ಆ ದಿನಗಳಲ್ಲಿ ಅವನಿಗೆ ಒಂದು ಬಗೆಯ ಸಮಾಧಾನವಿತ್ತು. ತಾನು ಮಾಡಿದ್ದನ್ನು ತನ್ನ ಹೊಟ್ಟೆಯ ಮೇಲೇ ತೀರಿಸುತ್ತಿದ್ದೇನೆ ಎನಿಸುತ್ತಿತ್ತು. ಅವಳಿಗೆ ನಿಜ ಹೇಳಬೇಕೆಂದು ಎಷ್ಟೋ ಸಲ ಬಾಯಿಗೆ ಬಂತು. ಎಲ್ಲ ಮುಗಿಯಲಿ, ಆಮೇಲೆ ಹೇಳಿ ಬೈಸಿಕೊಂಡರಾಯಿತು ಎಂದು ನುಂಗಿಕೊಂಡ.

ಇನ್ನೂ ಅರ್ಧ ಮುಗಿದಿರಲಿಲ್ಲ, ಒಂದು ಬೆಳಿಗ್ಗೆ ಆಸ್ಪತ್ರೆಯಲ್ಲಿ ಗದ್ದಲವೋ ಗದ್ದಲ. ಯಾವುದೋ ಊರಿನಲ್ಲಿ ಒಂದೇ ನಾಯಿ ಹಲವರಿಗೆ ಕಚ್ಚಿತ್ತು. ಔಷಧಿ ಕಡಿಮೆ ಬಿದ್ದಿತ್ತು, ಮುಂದಿನ ಪೆಟ್ಟಿಗೆ ಇನ್ನೂ ಬಂದಿರಲಿಲ್ಲ. ಮಸ್ತಾನಸಾಬನ ಪಕ್ಕದಲ್ಲಿ ಅಜ್ಜಯ್ಯ ಎಂಬ ಕುರಿ ಕಾಯುವ ಮುದುಕ ಕೂತಿದ್ದ. ಅವನ ಮೀನಖಂಡ ಕಿತ್ತು ಹೋಗಿತ್ತು. ಇವತ್ತಿಗೆ ಇಷ್ಟೇ, ಉಳಿದವರು ನಾಳೆ ಬನ್ನಿ ಎಂದು ನರ್ಸಮ್ಮ ಎಣಿಸುತ್ತ ಬಂದು, ಮಸ್ತಾನಸಾಬನ ತನಕ ಎಣಿಸಿ ನಿಲ್ಲಿಸಿದಳು. ಮುದುಕ ತನ್ನ ಕಾಲನ್ನೇ ನೋಡುತ್ತ ಕೂತ.

ಮಸ್ತಾನಸಾಬನಿಗೆ ಕೂರಲಾಗಲಿಲ್ಲ. ಬೇಡದ ಹೊಟ್ಟೆಗೆ ಬೇಕಾದ ಔಷಧಿ ಹೋಗುತ್ತಿದೆ ಎಂದು ಅವನಿಗಷ್ಟೇ ಗೊತ್ತು. ಎದ್ದು ನಿಂತ. "ನನಗ ಬ್ಯಾಡ್ರಿ, ಈ ಅಜ್ಜಗೆ ಕೊಡ್ರಿ," ಎಂದ. ಮುದುಕ ಎರಡೂ ಕೈ ಎತ್ತಿ ಮುಗಿದ. ಯಾರು ತಾನೇ ಇದನ್ನು ತಪ್ಪೆಂದಾರು? ನಾನಂತೂ ಅನ್ನಲಾರೆ.

ಚುಚ್ಚಿಸಿಕೊಂಡು ಹೊರಬಂದ ಓಬವ್ವ ಬಾಗಿಲಲ್ಲೇ ನಿಂತು ಇದನ್ನೆಲ್ಲ ನೋಡಿದಳು.

"ನೀನ್ಯಾಕ ಬಿಟ್ಟಿ ಅಣ್ಣ?"

ನಿಜ ಹೇಳುವುದಾದರೆ ಆ ಗಳಿಗೆಯಲ್ಲೇ ಹೇಳಬೇಕಿತ್ತು. ಇಷ್ಟು ದಿನ ನನಗೆ ಮೋಸ ಮಾಡಿದೆಯಾ ಎಂದು ಸಿಟ್ಟಾಗಿ ಇವಳು ಬರುವುದನ್ನೇ ಬಿಟ್ಟರೆ ಎಂದು ಅಂಜಿದ. "ನನಗ ಸಾಕಂತೆ ತಂಗಿ. ನಿನಗ ಇನ್ನೂ ಬೇಕು. ನಾಳೆ ತಪ್ಪದೆ ಬಾ," ಎಂದ.

ಮರುದಿನ ಅವಳು ಬರಲಿಲ್ಲ. ಅವನು ಮುಂದಿನ ಬಸ್ಸಿಗೂ ಕಾದ, ಅದರ ಮುಂದಿನದಕ್ಕೂ ಕಾದ. ಡಾಕ್ಟರಿಗೆ ಹೇಳಿ, ಅವರೊಂದಿಗೆ ಜೀಪಿನಲ್ಲಿ ಕುಕ್ಕುವಾಡಕ್ಕೆ ಹೋದ. ಸಣ್ಣಬೀರಪ್ಪನ ಹೊಲದಲ್ಲಿ ಕಟಾವು ನಡೆದಿತ್ತು. ಕಾರ್ಖಾನೆಯವರು ಹೇಳಿದ ದಿನ ಕಡಿಯದಿದ್ದರೆ ಕಬ್ಬು ನಿಂತಲ್ಲೇ ಒಣಗುತ್ತದೆ. ಓಬವ್ವ ಬದುವಿನ ಮೇಲೆ ಮೂರು ಕಲ್ಲು ಹೂಡಿ ಕಟಾವಿನವರಿಗೆ ಅಡುಗೆ ಮಾಡುತ್ತಿದ್ದಳು. ಗಾಯ ಒಣಗಿದ ಕೈಯನ್ನು ತೋರಿಸಿದಳು.

"ನೋಡು, ಎಲ್ಲ ಮಾಯ್ದೈತೆ. ನಿನಗ ಸಾಕಾದ್ದು ನನಗ್ಯಾಕ ಸಾಲದು? ಇಬ್ರೂ ಕೈ ಹಾಕಿದ್ದು ಒಂದೇ ಬಾಯಿಗೆ, ತಗೊಂಡದ್ದೂ ಒಂದೇ ಸೂಜಿ."

"ನಾನು ಕೈ ಹಾಕೇ ಇಲ್ಲ, ಓಬವ್ವ." ಮಸ್ತಾನಸಾಬ್ ಒಲೆಯ ಮುಂದೆ ಕುಕ್ಕರಿಸಿದ. "ಅಲ್ಲಾನ ಆಣೆಗೂ ಹಾಕಿಲ್ಲ. ನೀನು ಬರ್ಲಿ ಅಂತ ಸುಳ್ಳು ಹೇಳಿದ್ದೆ. ಡಾಕ್ಟ್ರನ್ನ ಕೇಳು ಬೇಕಾರೆ."

ಡಾಕ್ಟರು ಹೌದೆಂದರು. ಓಬವ್ವ ಇಬ್ಬರನ್ನೂ ಒಮ್ಮೆ ನೋಡಿ ನಗತೊಡಗಿದಳು.

"ಕೈ ಹಾಕದೆ ಇಷ್ಟು ದಿನ ಹೊಟ್ಟೆ ಚುಚ್ಚಿಸ್ಕೊಂಡ್ಯಾ? ಯಾರಾದ್ರೂ ನಂಬೋ ಮಾತಾ ಇದು? ನನ್ನ ಕರ್ಕೊಂಡು ಹೋಗಾಕೆ ಈಗ ಸುಳ್ಳು ಹೇಳ್ತೀಯ, ನನಗ ಗೊತ್ತಾಗಲ್ಲೇನು? ಅವರೂ ನಿನ್ನ ಜೊತೆ ಸೇರ್ಕೊಂಡಾರ."

ಅವನು ಕೈ ಮುಗಿದ. ಡಾಕ್ಟರು ಗದರಿದರು. ಸಣ್ಣಬೀರಪ್ಪನೂ ಹೋಗು ಎಂದ. ಕಟಾವು ಮುಗಿಯಲಿ, ಆಮೇಲೆ ಬರುತ್ತೇನೆ ಎಂದು ಅವರ ಬಾಯಿ ಮುಚ್ಚಿಸಿ, ಬಂದವರಿಗೆ ಒಂದೊಂದು ಲೋಟ ಕಬ್ಬಿನ ಹಾಲು ಕೊಟ್ಟು ಕಳಿಸಿದಳು. ಆಮೇಲೆಯೂ ಅವನು ಹೋದ, ರಜೆ ಹಾಕಿ ಬಸ್ಸಿನಲ್ಲಿ ಹೋದ. ಅವನು ಬರುವುದು ಕಂಡರೆ ಅವಳು ಕಬ್ಬಿನ ಹೊಲಕ್ಕೆ ಇಳಿದುಬಿಡುತ್ತಿದ್ದಳು. ಕೊನೆಗೆ ಊರವರೇ, ಚೆನ್ನಾಗಿರೋ ಹೆಂಗಸಿನ ಬೆನ್ನು ಬಿದ್ದು ಯಾಕ ಹೆದರಿಸ್ತೀಯ ಸಾಬಣ್ಣ ಎಂದು ಬೇಸರಪಟ್ಟರು. ದಿನ ಕಳೆದಂತೆ ಅವನಿಗೂ, ಅಲ್ಲಾ ದೊಡ್ಡವನು, ಅಷ್ಟೇ ಸಾಕಾಗಿರಬಹುದು ಎಂಬ ಆಸೆ ಚಿಗುರಿತು.

ಯುಗಾದಿ ಹತ್ತಿರ ಬಂದಾಗ ಸಣ್ಣಬೀರಪ್ಪ ಪಶು ಆಸ್ಪತ್ರೆಯ ಬಾಗಿಲಿಗೆ ಬಂದ. ಕಾಲಲ್ಲಿ ಚಪ್ಪಲಿ ಇರಲಿಲ್ಲ. "ನೀರು ಕುಡಿಯಂಗಿಲ್ರಿ. ಚೆಂಬು ಕಂಡ್ರೆ ಬೆಚ್ಚಿ ಬೀಳ್ತಾಳ. ದೊಡ್ಡಾಸ್ಪತ್ರಿಯಾಗ ಮಲಗಿಸೀನಿ. ನಿಮ್ಮನ್ನ ಕೇಳ್ತಾಳ," ಎಂದು ಗೋಡೆಗೆ ಹಣೆ ಹಚ್ಚಿ ನಿಂತ. ಮಸ್ತಾನಸಾಬ್ ಅವನ ಹೆಗಲು ಮುಟ್ಟಲು ಹೋಗಿ, ಮುಟ್ಟಲಾಗದೆ ಕೈ ಹಿಂದಕ್ಕೆ ತೆಗೆದ.

ಆಸ್ಪತ್ರೆಯ ಹಿಂದಿನ ಒಂಟಿ ಕೋಣೆಯಲ್ಲಿ ಅವಳನ್ನು ಮಲಗಿಸಿದ್ದರು. ಕಿಟಕಿಗೆ ಕಂಬಳಿ ಕಟ್ಟಿದ್ದರು, ಗಾಳಿ ಸೋಕಿದರೂ ಗಂಟಲು ಸೆಳೆಯುತ್ತಿತ್ತು. ಕೈಗಳನ್ನು ಸೀರೆಯ ತುಂಡಿನಿಂದ ಮಂಚಕ್ಕೆ ಕಟ್ಟಿತ್ತು. ಕಟ್ಟಿರಿ ಎಂದು ಅವಳೇ ಹೇಳಿದ್ದಳಂತೆ, ಮಕ್ಕಳನ್ನು ಎಲ್ಲಿ ಪರಚುತ್ತೇನೋ ಎಂದು. ಕಟಬಾಯಿಯಲ್ಲಿ ಜೊಲ್ಲು ಇಳಿಯುತ್ತಿತ್ತು. ಮಸ್ತಾನಸಾಬ್ ಬಾಗಿಲು ದಾಟಿದ್ದೇ ಅವಳು ತಲೆಯಾಡಿಸಿದಳು.

"ಅಲ್ಲೇ ನಿಲ್ಲು ಅಣ್ಣ. ಹತ್ರ ಬರಬ್ಯಾಡ."

ಅವನು ನಿಂತ. ಒಂದು ಸೆಳೆತ ಬಂದು ಹೋಯಿತು. ಅದು ಇಳಿದ ಮೇಲೆ ಅವಳ ಕಣ್ಣು ಮತ್ತೆ ತಿಳಿಯಾಯಿತು, ಹಳೆಯ ಓಬವ್ವನದೇ ಕಣ್ಣು. ಅವಳು ಅವನನ್ನು ಅಡಿಯಿಂದ ಮುಡಿಯ ತನಕ ನೋಡಿದಳು.

"ಅವತ್ತು ಹೊಲದಾಗ ಅಂದಿದ್ಯಲ್ಲ, ಕೈ ಹಾಕೇ ಇಲ್ಲ ಅಂತ." ಮಾತು ತುಂಡು ತುಂಡಾಗಿ ಬರುತ್ತಿತ್ತು. "ಅದು ನಿಜ ಏನಣ್ಣ?"

ಬಾಗಿಲಲ್ಲಿ ಸಣ್ಣಬೀರಪ್ಪ ನಿಂತಿದ್ದ, ಅವನ ಹಿಂದೆ ಡಾಕ್ಟರಿದ್ದರು. ನಿಜ ಎಂದರೆ ತನ್ನ ಸಾವನ್ನು ತಾನೇ ಬರಮಾಡಿಕೊಂಡೆ ಎಂದುಕೊಂಡು ಅವಳು ಹೋಗುತ್ತಾಳೆ. ಮಸ್ತಾನಸಾಬ್ ಕೆಳಗೆ ನೋಡಿದ.

"ಇಲ್ಲವ್ವ, ಸುಳ್ಳು ಹೇಳಿದ್ದೆ. ನಾನೂ ಹಾಕಿದ್ದೆ. ನಿನ್ನಷ್ಟೇ ಇಂಜೆಕ್ಷನ್ ನಾನೂ ತಗೊಂಡಿದ್ದು. ಹಣೆಬರಹ, ನನ್ನನ್ನ ಬಿಡ್ತು."

ಓಬವ್ವ ದಿಂಬಿಗೆ ತಲೆ ಒರಗಿಸಿದಳು. ಅವಳ ಮುಖ ಸಡಿಲಾಯಿತು.

"ನನಗ ಗೊತ್ತಿತ್ತು," ಎಂದಳು. "ನಿನಗೇನೂ ಆಗಲಿಲ್ಲವಲ್ಲ ಅಣ್ಣ, ಅಷ್ಟು ಸಾಕು. ನನ್ನ ಆಕಳಿಂದ ನಿನ್ನ ಮನೆ ಹಾಳಾಗ್ತಿತ್ತು."